ಒಂದೂವರೆ ಕಂಬ

ನಮ್ಮ ಹಿತ್ತಲಿಗೂ ಕಾಕಾನ ಹಿತ್ತಲಿಗೂ ನಡುವೆ ಇರುವುದು ಹೆಸರಿಗೆ ತಂತಿಬೇಲಿ. ಅದರ ಮೇಲೆ ಹೀರೆಬಳ್ಳಿ ಹಬ್ಬಿ, ತಂತಿ ಎಲ್ಲಿದೆ ಅನ್ನುವುದು ಕೈಗೆ ಚುಚ್ಚಿದಾಗಲೇ ಗೊತ್ತಾಗುವುದು. ಬಳ್ಳಿಯ ಬೇರು ಅವರ ಕಡೆ, ಕಾಯಿ ನಮ್ಮ ಕಡೆ. ಈ ಪಾಲುಗಾರಿಕೆ ಬಗ್ಗೆ ಇಬ್ಬರೂ ಇವತ್ತಿನವರೆಗೆ ಚಕಾರ ಎತ್ತಿಲ್ಲ. ಬಿಸಿಲು ಇಳಿದ ಮೇಲೆ ಕಾಕಾ ಆಚೆಗೆ ಬಂದು ನಿಂತು, ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುತ್ತ, “ಏನ್ರೀ ಮಾಸ್ತರ, ಪೇಪರ್‌ದಾಗ ಏನ್ ಬಂದೈತಿ?” ಅಂದರೆ ನಮ್ಮ ಸಭೆ ಶುರುವಾಯಿತು ಅಂತಲೇ ಅರ್ಥ.

ಕಾಕಾನ ಅಪ್ಪ ಗೋಕಾಕ ರೋಡ್ ಸ್ಟೇಷನ್‌ನಿಂದ ಊರಿಗೆ ಟಾಂಗಾ ಹೊಡೆಯುತ್ತಿದ್ದವರು. ಟಾಂಗಾ ಹೋಯಿತು, ಆಟೊ ಬಂತು, ಕುದುರೆ ಹುಚ್ಚು ಮಾತ್ರ ಮನೆಯಲ್ಲೇ ಉಳಿಯಿತು. ಕಾಕಾ ಸ್ವಂತಕ್ಕೆ ಒಂದು ಕುದುರೆಯನ್ನೂ ಸಾಕಿಲ್ಲ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕಿನಲ್ಲಿ ಯಾವ ಜಾತ್ರೆಯಲ್ಲಿ ಕುದುರೆ ಗಾಡಿ ಶರ್ಯತ್ತು ಇದ್ದರೂ ಅವರ ಹಳೆಯ ಎಂ80 ಅಲ್ಲಿ ಹಾಜರ್. ನಾನು ಹಿಂದಿನ ಸೀಟು.

ಹೋದ ವರ್ಷ ಇದೇ ಬೇಲಿಯ ಮೇಲೆ ಒಂದು ಕಿಲೊ ಕರದಂಟು ಸೋತೆ. ಗೋಕಾಕದವನು ಗೋಕಾಕದವನಿಗೇ ಕರದಂಟು ಸೋಲುವುದು ಎಂಥ ಅವಮಾನ ಅಂತ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಅಂಗಡಿಯವ ತೂಗುವಾಗ, “ಯಾರ ಮನ್ಯಾಗ ಬಾಣಂತಿ ಅದಾರ್ರಿ?” ಅಂತ ಕೇಳಿದ. ಏನು ಹೇಳಲಿ?

ಆದದ್ದು ಇಷ್ಟು. ಹುಕ್ಕೇರಿ ಕಡೆಯ ಒಂದು ಜಾತ್ರೆಯಲ್ಲಿ ಕಂದು ಕುದುರೆಗಳ ಜೋಡಿಯೊಂದು ನಾಲ್ಕು ಕಿಲೊಮೀಟರನ್ನು 7 ನಿಮಿಷ 50 ಸೆಕೆಂಡಿನಲ್ಲಿ ಓಡಿತ್ತು. ನನ್ನ ಮೊಬೈಲಿನಲ್ಲಿ ನಾನೇ ಹಿಡಿದ ಲೆಕ್ಕ. ಮುಂದಿನ ತಿಂಗಳು ಮೂಡಲಗಿ ಸೀಮೆಯ ಇನ್ನೊಂದು ಜಾತ್ರೆ. ಅಲ್ಲಿ ಬಿಳಿ ಜೋಡಿ ಗೆದ್ದಿತು. ದೂರ ಅಷ್ಟೇ, ಹೊತ್ತು 8 ನಿಮಿಷ 50 ಸೆಕೆಂಡು. ಕಂದು ಮತ್ತು ಬಿಳಿ ಎರಡೂ ನಮ್ಮ ಗೋಕಾಕ ಸೀಮೆಯ ಶರ್ಯತ್ತಿಗೆ ಬರುತ್ತವೆ ಅಂತ ಸುದ್ದಿ ಬಂತು. ನಾನು ಮೂವತ್ತೊಂದು ವರ್ಷ ಮಕ್ಕಳಿಗೆ ಕಾಲ, ದೂರ, ವೇಗ ಕಲಿಸಿದವನು. ಒಂದು ಪೂರ್ತಿ ನಿಮಿಷದ ಅಂತರ! ಇದಕ್ಕೂ ಯೋಚನೆ ಬೇಕೆ? “ಕಂದು ಜೋಡಿಗೆ ಒಂದು ಕಿಲೊ,” ಅಂದುಬಿಟ್ಟೆ. ಕಾಕಾ ತಂಬಾಕು ತುಟಿಯೊಳಗೆ ಇಟ್ಟುಕೊಂಡು, “ಬಿಳೀ ನಂದು,” ಅಂದರು, ಅಷ್ಟೇ.

ಬಿಳಿ ಜೋಡಿ ಒಂದೂವರೆ ಕಂಬ ಮುಂದೆ ಬಂತು.

ಕಂಬ ಅಂದರೆ ಕರೆಂಟಿನ ಕಂಬ. ಕಾಕಾನ ಅಳತೆಯೇ ಅದು. ಬೆಂಗಳೂರಿನ ರೇಸಿನಲ್ಲಿ ಹಿಂದೆ ಬಿದ್ದ ಕುದುರೆ ಎಷ್ಟು ಹಿಂದೆ ಬಿತ್ತು ಅನ್ನುವುದನ್ನು ಕುದುರೆಯ ಮೈ ಉದ್ದದಲ್ಲಿ ಎಣಿಸುತ್ತಾರೆ: ಮೂಗಿನಷ್ಟು, ಕುತ್ತಿಗೆಯಷ್ಟು, ಅರ್ಧ ಉದ್ದ, ಮೂರು ಉದ್ದ. ನಮ್ಮಲ್ಲಿ ಗಾಡಿಗಳು ಧೂಳೆಬ್ಬಿಸಿಕೊಂಡು, ಅಕ್ಕಪಕ್ಕ ಹತ್ತಾರು ಬೈಕುಗಳ ಹಾರನ್ನು ಹಚ್ಚಿಕೊಂಡು ಬರುತ್ತಿರುವಾಗ ಮೂಗು ಯಾರಿಗೆ ಕಾಣಬೇಕು? ಕಂಬ ಕಾಣುತ್ತದೆ. ನಮ್ಮ ರಸ್ತೆಯಲ್ಲಿ ಕಂಬದಿಂದ ಕಂಬಕ್ಕೆ ಹೆಚ್ಚುಕಡಿಮೆ ಐವತ್ತು ಮೀಟರ್; ನಾನು ಹೆಜ್ಜೆ ಹಾಕಿ ಎಣಿಸಿದ್ದೇನೆ. ಹುಕ್ಕೇರಿ ಕಡೆ ಕರೆಂಟು ಹಂಚಲಿಕ್ಕೂ ಸಹಕಾರಿ ಸಂಘ ಇದೆ, 1969ರಲ್ಲಿ ಹುಟ್ಟಿದ್ದು. “ಸೊಸೈಟಿ ಕಂಬ ಬ್ಯಾರೆ, ನಮ್ಮ ಕಂಬ ಬ್ಯಾರೆ, ಎರಡೂ ಕೂಡಿಸಬ್ಯಾಡ್ರಿ,” ಅನ್ನುವುದು ಕಾಕಾನ ತಕರಾರು. ಒಂದು ಊರಿನ ಫರ್ಲಾಂಗು ಇನ್ನೊಂದು ಊರಿಗೆ ಹೊಂದುವುದಿಲ್ಲ ಅನ್ನುವ ಈ ಜ್ಞಾನ ನನಗೆ ಆಗ ಬರಬೇಕಿತ್ತು. ಬರಲಿಲ್ಲ.

ಕರದಂಟು ಒಪ್ಪಿಸಿದ ದಿನ ಕೇಳಿದೆ: “ಕಾಕಾ, ಒಂದು ನಿಮಿಷ ಹಿಂದಿದ್ದ ಜೋಡಿ ಮ್ಯಾಲ ಹೆಂಗ ಹಚ್ಚಿದ್ರಿ?”

ಕಾಕಾ ಒಳಗೆ ಹೋಗಿ ಒಂದು ಹಳೇ ಡೈರಿ ತಂದರು. ಯಾವುದೋ ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಟ್ಟದ್ದು. ಬೇಲಿಯ ಮೇಲಿಂದ ನನ್ನ ಕೈಗೆ ಬಂತು. ಪ್ರತಿ ಶರ್ಯತ್ತಿಗೂ ಒಂದೊಂದು ಪುಟ. ಊರು, ತಿಥಿ, ಕೆಂಪು ನೆಲವಾದರೆ ‘ಮಸಾರಿ’ ಅಂತಲೋ ಕಪ್ಪು ನೆಲವಾದರೆ ‘ಎರಿ’ ಅಂತಲೋ ಒಂದು ಮಾತು, ‘ಹಸಿ’ ಅಥವಾ ‘ಒಣ’, ಗಾಳಿ ಯಾವ ಕಡೆಯದು, ಆಮೇಲೆ ಗೆದ್ದವರದು ಮಾತ್ರ ಅಲ್ಲ, ಓಡಿದ ಅಷ್ಟೂ ಗಾಡಿಗಳ ಹೊತ್ತು. ಎಂಟನೆಯವನದೂ ಇದೆ, ನಡುವೆ ಗಾಲಿ ಕಳಚಿ ನಿಂತವನದೂ ಇದೆ.

“ಗೆದ್ದಾವನ್ನ ಯಾಕ ನೋಡ್ತೀರಿ ಮಾಸ್ತರ? ಸೋತಾವ್ರನ್ನ ನೋಡ್ರಿ,” ಅಂದರು. “ಈ ನಾಕು ಗಾಡಿ ಅದಾವಲ್ಲ, ಇವು ಎಲ್ಲಾ ಜಾತ್ರಿಗೂ ಬರ್ತಾವ. ಎಲ್ಲೇ ಓಡಲಿ, ಎಂಟೂವರಿ ನಿಮಿಷಕ್ಕ ಬರೂವು. ಹುಕ್ಕೇರಿ ಕಡೆ ಅವತ್ತ ಎಷ್ಟಕ್ಕ ಬಂದ್ವು? ಎಂಟಕ್ಕ! ಅವಕ್ಕೇನು ಒಮ್ಮಿಂದೊಮ್ಮೆ ರೆಕ್ಕಿ ಬಂದಿದ್ವೇನು? ರಸ್ತಾನ ಅರ್ಧ ನಿಮಿಷ ಕೊಟ್ಟಿತ್ತು. ಡಾಂಬರು, ಮ್ಯಾಲ ಇಳುಕಲು. ಮೂಡಲಗಿ ಕಡೆ ಅವೇ ಗಾಡಿ ಒಂಬತ್ತೂ ಕಾಲಿಗೆ ಬಂದ್ವು. ಹಿಂದಿನ ರಾತ್ರಿ ಮಳಿ, ಕೆಳಗ ಎರಿಮಣ್ಣು. ರಸ್ತಾ ಮುಕ್ಕಾಲು ನಿಮಿಷ ಕಸಗೊಂಡಿತ್ತು.”

ನಾನು ಬೆರಳು ಮಡಚಿದೆ. ಕಂದು ಜೋಡಿಯ 7 ನಿಮಿಷ 50 ಸೆಕೆಂಡಿಗೆ ರಸ್ತೆ ದಾನ ಕೊಟ್ಟ ಅರ್ಧ ನಿಮಿಷ ಕೂಡಿಸಿದರೆ 8 ನಿಮಿಷ 20 ಸೆಕೆಂಡು. ಬಿಳಿ ಜೋಡಿಯ 8 ನಿಮಿಷ 50 ಸೆಕೆಂಡಿನಿಂದ ರಸ್ತೆ ಕಸಿದುಕೊಂಡ ಮುಕ್ಕಾಲು ನಿಮಿಷ ಕಳೆದರೆ 8 ನಿಮಿಷ 5 ಸೆಕೆಂಡು. ನಾನು ಒಂದು ನಿಮಿಷ ಹಿಂದಿದೆ ಅಂದುಕೊಂಡದ್ದು ನಿಜಕ್ಕೂ ಹದಿನೈದು ಸೆಕೆಂಡು ಮುಂದಿತ್ತು. ಎರಿಮಣ್ಣಿನಲ್ಲಿ ಮಳೆಯಾದ ಮರುದಿನ ನಡೆದವರಿಗೆ ಗೊತ್ತು, ಚಪ್ಪಲಿ ಒಂದೊಂದು ಸೇರು ಭಾರವಾಗುತ್ತದೆ. ಇದು ನನಗೂ ಗೊತ್ತಿತ್ತು. ಆದರೆ ಮೊಬೈಲಿನ ಗಡಿಯಾರಕ್ಕೆ ಚಪ್ಪಲಿ ಇರುವುದಿಲ್ಲ ನೋಡಿ.

ಇನ್ನೊಂದು ಸಂಶಯ ಉಳಿದಿತ್ತು. ಹದಿನೈದು ಸೆಕೆಂಡು ಅಂದರೆ ಆ ವೇಗಕ್ಕೆ ನೂರಾ ಇಪ್ಪತ್ತು ಮೀಟರ್, ಎರಡು ಕಂಬಕ್ಕೂ ಹೆಚ್ಚು ಆಗಬೇಕು. ಒಂದೂವರೆಯೇ ಯಾಕಾಯಿತು? ಕಾಕಾ ನಕ್ಕರು. “ಹಿಂದ ಯಾರೂ ಇಲ್ಲಂತ ಗೊತ್ತಾದ ಮ್ಯಾಲ ಯಾಂವ ಚಾಟಿ ಎತ್ತತಾನ? ಕಡೀ ಕಂಬಕ್ಕ ಲಗಾಮು ಜಗ್ಗಿ, ಪಟಕಾ ಸರಿ ಮಾಡಿಕೊಂಡ ಬಂದ, ನೋಡ್ಲಿಲ್ಲೇನು?” ನೋಡಿದ್ದೆ. ಫೋಟೊಕ್ಕೆ ಅಂದುಕೊಂಡಿದ್ದೆ.

ಇದನ್ನೆಲ್ಲ ನಮ್ಮ ಬೇಲಿಯಲ್ಲೇ ಬಿಡಬಹುದಿತ್ತು. ಆದರೆ ದೀಪಾವಳಿಗೆ ನನ್ನ ತಂಗಿಯ ಮಗ ಬೆಂಗಳೂರಿನಿಂದ ಬಂದ. ಕಂಪ್ಯೂಟರ್ ಕೆಲಸ, ವಾರಕ್ಕೆ ಎರಡು ದಿನ ರಜೆ, ಆ ರಜೆ ರೇಸ್ ಕೋರ್ಸಿಗೆ ಮೀಸಲು. ಕಾಕಾನ ಡೈರಿ ನೋಡಿ ಅವನ ಕಣ್ಣು ಅಗಲವಾದವು. “ಮಾಮಾ, ಇದಕ್ಕೆ ಸ್ಪೀಡ್ ರೇಟಿಂಗ್ ಅಂತಾರೆ. ಇದರ ಮೇಲೆ ಪುಸ್ತಕಗಳೇ ಇವೆ,” ಅಂದ.

ಅವನು ಹೇಳಿದ ಇಬ್ಬರ ಕತೆ ನನಗೆ ಹಿಡಿಸಿತು. ಒಬ್ಬ ಇಂಗ್ಲೆಂಡಿನ ಫಿಲ್ ಬುಲ್. ಕಸುಬಿನಲ್ಲಿ ಗಣಿತದ ಮಾಸ್ತರ! ಓಟದ ಹೊತ್ತನ್ನು ಲೆಕ್ಕಕ್ಕೆ ಹಚ್ಚಿ, ಪಾಠ ಹೇಳುವುದನ್ನು ಬಿಟ್ಟು, 1948ರಲ್ಲಿ ‘ಟೈಮ್‌ಫಾರ್ಮ್’ ಅನ್ನುವ ಸಂಸ್ಥೆ ಕಟ್ಟಿದ. ನಾನು ಆ ಹಾದಿ ಹಿಡಿದಿದ್ದರೆ ಪಿಂಚಣಿ ಬರುತ್ತಿರಲಿಲ್ಲ, ಅದೊಂದು ಸಮಾಧಾನ. ಇನ್ನೊಬ್ಬ ಅಮೆರಿಕದ ಪತ್ರಕರ್ತ ಆಂಡ್ರ್ಯೂ ಬೇಯರ್. ಹಾರ್ವರ್ಡಿನಲ್ಲಿ ಓದುತ್ತಿದ್ದಾಗ ಚಾಸರ್ ಕವಿಯ ಮೇಲಿನ ಪರೀಕ್ಷೆಗೆ ಚಕ್ಕರ್ ಹೊಡೆದು ಬೆಲ್ಮಾಂಟ್ ರೇಸಿಗೆ ಹೋದವನು. 1975ರಲ್ಲಿ ‘ಪಿಕಿಂಗ್ ವಿನ್ನರ್ಸ್’ ಬರೆದ. 1992ರಿಂದ ಅವನ ಅಂಕಿಗಳು ಅಲ್ಲಿನ ರೇಸ್ ಪತ್ರಿಕೆಯಲ್ಲೇ ಅಚ್ಚಾಗತೊಡಗಿದವು. ಅವನ ಕ್ರಮವೂ ಕಾಕಾನದೇ. ಇಂಥ ದರ್ಜೆಯ ಕುದುರೆ ಇಷ್ಟು ದೂರಕ್ಕೆ ಸಾಮಾನ್ಯವಾಗಿ ಎಷ್ಟು ಹೊತ್ತು ತೆಗೆದುಕೊಳ್ಳಬೇಕು ಅನ್ನುವುದು ಮೊದಲು. ಆ ದಿನದ ಅಷ್ಟೂ ಓಟಗಳು ಅದಕ್ಕಿಂತ ಎಷ್ಟು ಬೇಗ, ಎಷ್ಟು ತಡ ಅನ್ನುವುದು ಆಮೇಲೆ. ಆ ಅಂತರ ನೆಲದ ಖಾತೆಗೆ ಹೋಗುತ್ತದೆ, ಉಳಿದದ್ದು ಕುದುರೆಯ ಖಾತೆಗೆ. ಹಾರ್ವರ್ಡಿನಲ್ಲಿ ನಪಾಸಾಗದೆಯೇ ಕಾಕಾ ಅಲ್ಲಿಗೆ ಮುಟ್ಟಿದ್ದಾರೆ.

ಹುಡುಗ ರೇಸ್ ಬುಕ್ಕನ್ನೂ ತಂದಿದ್ದ. ಬೆಂಗಳೂರಿನಲ್ಲಿ ನೆಲ ಎಷ್ಟು ಮೆತ್ತಗಿದೆ ಅನ್ನುವುದಕ್ಕೂ ಒಂದು ಯಂತ್ರವಂತೆ, ಪೆನೆಟ್ರೋಮೀಟರ್. ಭಾರ ಬೀಳಿಸಿ, ಸಲಾಕೆ ಹುಲ್ಲಿನೊಳಗೆ ಎಷ್ಟು ಇಳಿಯಿತು ಅಂತ ನೋಡಿ, ಆ ಅಂಕಿಯನ್ನು ಪ್ರಕಟಿಸುತ್ತಾರೆ. ಕಾಕಾ ಗೌರವದಿಂದ ಕೇಳಿಸಿಕೊಂಡರು. “ನಾ ಹಿಮ್ಮಡ ಊರಿ ನೋಡ್ತೀನಿ ತಮ್ಮಾ,” ಅಂದರು. ಸುಳ್ಳಲ್ಲ. ಶರ್ಯತ್ತಿನ ದಿನ ಬೆಳಿಗ್ಗೆ ಚಪ್ಪಲಿ ಬಿಟ್ಟು, ದಾರಿಯ ಮೂರು ಕಡೆ ಹಿಮ್ಮಡ ಒತ್ತಿ ತಿರುವುತ್ತಾರೆ. ತಗ್ಗು ಎಷ್ಟು ಆಳವಾಯಿತು, ಅಂಚು ಕುಸಿಯಿತೋ ನಿಂತಿತೋ ನೋಡುತ್ತಾರೆ. ಕುಸಿದರೆ ‘ಒಣ’, ನಿಂತರೆ ‘ಹಸಿ’. ಡೈರಿಗೆ ಹೋಗುವುದು ಆ ಒಂದು ಮಾತು.

ಹುಡುಗ ಹೇಳಿದ ಒಂದು ಲೆಕ್ಕ ಮಾತ್ರ ನನಗೆ ಸರಿಬರಲಿಲ್ಲ. ಒಂದು ಸೆಕೆಂಡಿಗೆ ಐದು ಕುದುರೆ ಉದ್ದ ಅನ್ನುವುದು ಹಳೆಯ ರೂಢಿಯಂತೆ. ಒಂದು ಉದ್ದ ಅಂದರೆ ಸುಮಾರು 2.4 ಮೀಟರ್, ಐದಕ್ಕೆ 12. ಆದರೆ ರೇಸಿನ ಕುದುರೆ ಸೆಕೆಂಡಿಗೆ 16 ಮೀಟರ್ ದಾಟುತ್ತದೆ! 1973ರಲ್ಲಿ ಸೆಕ್ರೆಟೇರಿಯಟ್ ಅನ್ನುವ ಕುದುರೆ ಬೆಲ್ಮಾಂಟಿನ ಒಂದೂವರೆ ಮೈಲಿಯನ್ನು 2 ನಿಮಿಷ 24 ಸೆಕೆಂಡಿನಲ್ಲಿ ಓಡಿ, ಎರಡನೆಯದನ್ನು 31 ಉದ್ದ ಹಿಂದೆ ಬಿಟ್ಟಿತು. ಭಾಗಿಸಿ ನೋಡಿ, ಸೆಕೆಂಡಿಗೆ ಹದಿನಾರೂ ಮುಕ್ಕಾಲು ಮೀಟರ್. ಹಾಗಾದರೆ ಐದಲ್ಲ, ಏಳು ಉದ್ದ ಆಗಬೇಕು. “ರೂಢಿ ಅಂದರೆ ರೂಢಿ ಮಾಮಾ,” ಅಂದ ಹುಡುಗ. ನಮ್ಮ ಶಾಲೆಯಲ್ಲಾದರೆ ಅರ್ಧ ಅಂಕ ಕಳೆಯುತ್ತಿದ್ದೆ.

ಆಮೇಲೆ ಬಂತು ಹ್ಯಾಂಡಿಕ್ಯಾಪ್. ಅಲ್ಲಿ ಬೇಲಿ ಅದುರಿತು.

ಪ್ರತಿ ಕುದುರೆಗೂ ಕ್ಲಬ್ಬಿನ ಹ್ಯಾಂಡಿಕ್ಯಾಪರ್ ಒಂದು ರೇಟಿಂಗ್ ಕೊಡುತ್ತಾನೆ. ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ. ರೇಟಿಂಗ್ ಏರಿದಂತೆ ಬೆನ್ನ ಮೇಲಿನ ಭಾರವೂ ಅರ್ಧರ್ಧ ಕಿಲೊ ಲೆಕ್ಕದಲ್ಲಿ ಏರುತ್ತದೆ. ಜಾಕಿ ಹಗುರ ಇದ್ದರೆ ಜೀನಿನಲ್ಲಿ ಸೀಸದ ತುಂಡು ಇಡುತ್ತಾರೆ. ಓಟಕ್ಕೆ ಮೊದಲು ತೂಗುತ್ತಾರೆ, ಓಡಿ ಬಂದ ಮೇಲೂ ತೂಗುತ್ತಾರೆ.

“ಗೆದ್ದದ್ದಕ್ಕ ಸೀಸ ಹೇರತಾರ?” ಕಾಕಾನ ಕೈಯ ತಂಬಾಕು ಅರ್ಧಕ್ಕೆ ನಿಂತಿತು. “ಇದೆಲ್ಲಿ ನ್ಯಾಯ ತಮ್ಮಾ? ನಮ್ಮಲ್ಲಿ ಗೆದ್ದಾವಗ ಢಾಲು ಕೊಡತಾರ, ಪಟಕಾ ಸುತ್ತತಾರ, ಭಂಡಾರ ಹಾರಸತಾರ.”

“ಎಲ್ಲಾ ಕುದುರೆ ಒಟ್ಟಿಗೆ ಗೆರೆ ಮುಟ್ಟಲಿ ಅಂತ ಹಾಗೆ ಮಾಡ್ತಾರೆ ಅಜ್ಜಾ. ಇಲ್ಲಾಂದ್ರೆ ದಿನಾ ಅದೇ ಕುದುರೆ ಗೆಲ್ಲುತ್ತೆ, ಯಾರು ದುಡ್ಡು ಕಟ್ತಾರೆ?”

ಕಾಕಾ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಹೀರೆಬಳ್ಳಿಯ ಮೇಲೆ ಬಾಗಿ, ದನಿ ಇಳಿಸಿ ಕೇಳಿದರು: “ಹಂಗಾರ ಮಾಲಕ ಬೇಕಂತ ನಾಕು ಸಲ ಸೋಲಿಸಿ, ಸೀಸ ಇಳಿಸಿ, ಐದನೇ ಸಲ ಬಿಟ್ಟರ?”

ಹುಡುಗ ನನ್ನ ಮುಖ ನೋಡಿದ. ಅದನ್ನು ಹಿಡಿಯಲಿಕ್ಕೇ ಸ್ಟೀವರ್ಡ್‌ಗಳು ಇರುತ್ತಾರೆ, ಕ್ಯಾಮೆರಾ ಇರುತ್ತದೆ, ಕುದುರೆಯನ್ನು ಪ್ರಾಮಾಣಿಕವಾಗಿ ಓಡಿಸದ ಜಾಕಿಯನ್ನು ಅಮಾನತು ಮಾಡುತ್ತಾರೆ ಅಂತ ವಿವರಿಸಿದ. ಅವನಿಗೆ ಆ ಸಂಗತಿ ಕಲಿಯಲಿಕ್ಕೆ ಎರಡು ವರ್ಷ ಬೇಕಾಯಿತಂತೆ. ಕಾಕಾನಿಗೆ ಅರ್ಧ ಚಿಟಿಕೆ ತಂಬಾಕು ಸಾಕಾಯಿತು.

ಹುಡುಗನ ಒಂದು ಮಾತು ನನ್ನ ತಲೆಯಲ್ಲಿ ಕೂತಿದೆ. ಹ್ಯಾಂಡಿಕ್ಯಾಪರ್ ನೋಡುವುದು ಯಾರು ಯಾರನ್ನು ಎಷ್ಟು ಉದ್ದದಿಂದ ಸೋಲಿಸಿದರು, ಎಷ್ಟು ಭಾರ ಹೊತ್ತು ಸೋಲಿಸಿದರು ಅಂತ. ಗಡಿಯಾರ ಹಿಡಿದವನು ನೋಡುವುದು ಹೊತ್ತನ್ನು. ಎರಡೂ ಹೊಂದಿಕೊಂಡರೆ ಅಲ್ಲಿ ಪಂಟರನಿಗೆ ಏನೂ ಇಲ್ಲ. ಕುದುರೆ ಐದನೆಯದಾಗಿ ಬಂದು ರೇಟಿಂಗ್ ಇಳಿದಿದೆ, ಆದರೆ ಆ ದಿನ ಓಟವೇ ಬಿರುಸಾಗಿತ್ತು, ಐದನೆಯದಾಗಿದ್ದರೂ ಅದರ ಹೊತ್ತು ಚೆನ್ನಾಗಿತ್ತು ಅಂತಾದರೆ, ಅಂಥ ಕುದುರೆಯನ್ನು ಹುಡುಕುವುದೇ ಆಟ. ಇಷ್ಟು ಬಲ್ಲವನು ಎಷ್ಟು ಗಳಿಸಿದೆಯಪ್ಪಾ ಅಂತ ನಾನು ಕೇಳಿದೆ. ಅವನು ಬೆಂಗಳೂರಿನ ಮಳೆಯ ಬಗ್ಗೆ ಮಾತು ತೆಗೆದ.

ಅವನ ಗಳಿಕೆ ಏನೇ ಇರಲಿ, ಕುದುರೆ ರೇಸು ಬರೀ ಅದೃಷ್ಟವಲ್ಲ, ಮುಖ್ಯವಾಗಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ, ಲಕ್ಷ್ಮಣನ್ ಪ್ರಕರಣ. ನಮ್ಮ ಜಾತ್ರೆಗಳ ಎತ್ತಿನ ಗಾಡಿ ಓಟಕ್ಕೆ ಮಾತ್ರ ಅದೇ ಕೋರ್ಟಿನ 2014ರ ತೀರ್ಪಿನಿಂದ ಬೀಗ ಬಿತ್ತು. ರಾಜ್ಯ ಸರ್ಕಾರ 2017ರಲ್ಲಿ ಕಾನೂನು ತಿದ್ದಿ ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಮಾಡಿತು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆ ನಡುವಿನ ವರ್ಷಗಳಲ್ಲಿ ಕಾಕಾನ ಡೈರಿಯಲ್ಲಿ ಎತ್ತಿನ ಪುಟಗಳು ತೆಳ್ಳಗಿವೆ. ಬಾರಕೋಲಿಗೆ ಮೊಳೆ ಹೊಡೆಯುವವರನ್ನು ಕಂಡರೆ ಕಾಕಾನಿಗೂ ಆಗುವುದಿಲ್ಲ. “ಹೊಡದು ಓಡಿಸಿದ್ದು ಓಟ ಅಲ್ಲ, ಅಂಜಿಕಿ. ಅದನ್ನ ಡೈರ್ಯಾಗ ಬರ್ಯಾಂಗಿಲ್ಲ,” ಅನ್ನುತ್ತಾರೆ.

ಕಂಬಳದ ಮಾತು ಬಂದಾಗ ಹುಡುಗ ಮೊಬೈಲು ತೆಗೆದ. 2020ರ ಫೆಬ್ರುವರಿ 1ರಂದು ಐಕಳದ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ಕೆಸರುಗದ್ದೆಯ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರಲ್ಲ, ಆ ವಿಡಿಯೊ. ನೂರು ಮೀಟರಿಗೆ ಇಳಿಸಿದರೆ 9.56, ಉಸೇನ್ ಬೋಲ್ಟನ ವಿಶ್ವದಾಖಲೆ 9.58. ದೇಶವೇ ಕುಣಿದಿತ್ತು. ಕ್ರೀಡಾ ಸಚಿವರು ಟ್ರಯಲ್ಸಿಗೆ ಕರೆದರು. ಎರಡೇ ವಾರದಲ್ಲಿ ಇನ್ನೊಬ್ಬ ಕಂಬಳ ಓಟಗಾರ ನಿಶಾಂತ್ ಶೆಟ್ಟರು ಅದನ್ನೂ ಮುರಿದರು.

“ಓಟ ನಂಬರ್ ಒನ್,” ಅಂದರು ಕಾಕಾ. “ಖರೇ ಗಂಡಸು. ಆದರ ಮಾಸ್ತರ, ಕೈಯಾಗ ಹಗ್ಗ ಐತಲ್ಲ, ಹಗ್ಗದ ಮುಂದ ಎರಡು ಕ್ವಾಣ ಅದಾವಲ್ಲ, ಅದನ್ನ ಯಾವ ಖಾತೆಕ್ಕ ಬರೀತೀರಿ?”

ಗೌಡರೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು, ಕೋಣಗಳ ಓಟವೇ ನನ್ನ ಓಟ ಅನ್ನುವ ಅರ್ಥದಲ್ಲಿ, ಟ್ರಯಲ್ಸಿಗೂ ಹೋಗಲಿಲ್ಲ. ಭಾಗಾಕಾರ ತಪ್ಪಿರಲಿಲ್ಲ, ನಾನೂ ಮಾಡಿ ನೋಡಿದ್ದೇನೆ. ಯಾವುದನ್ನು ಯಾವುದರ ಪಕ್ಕ ಇಟ್ಟೆವು ಅನ್ನುವಲ್ಲಿ ತಪ್ಪಿತ್ತು. ನನ್ನ ಕರದಂಟಿನ ಹಾಗೆ.

ಈ ಎಲ್ಲ ಗಲಾಟೆ ಬೇಡ ಅಂದರೆ ತೆರಬಂಡಿಯೇ ಒಳ್ಳೆಯದು ಅನ್ನುವುದು ಕಾಕಾನ ಮತ. ಗಾಲಿ ಉರುಳದ ಹಾಗೆ ಕಟ್ಟಿದ ಬಂಡಿ. ಬಂಡಿ ಒಂದೇ, ನೆಲ ಒಂದೇ, ಕೊಟ್ಟ ಹೊತ್ತು ಒಂದೇ. ಅಷ್ಟರಲ್ಲಿ ಯಾವ ಎತ್ತಿನ ಜೋಡಿ ಎಷ್ಟು ಅಡಿ ಎಳೆಯಿತು ಅಂತ ಟೇಪು ಹಿಡಿದು ಅಳೆದರೆ ಮುಗಿಯಿತು. ಮುಗಿಯಿತೇ? “ಮೊದಲನೇ ಜೋಡಿ ನೆಲ ಕಿತ್ತು ಹೋಗಿರ್ತದ. ಹತ್ತನೇ ಜೋಡಿಗೆ ಸಿಗೋದು ಬ್ಯಾರೆ ನೆಲ,” ಅಂತ ಅವರೇ ಸೇರಿಸಿದರು.

ಗಡಿಯಾರವನ್ನಾದರೂ ನಂಬೋಣವೆಂದರೆ ಅದಕ್ಕೂ ಕುತ್ತು. ಅದೇ ಸೆಕ್ರೆಟೇರಿಯಟ್ ಕುದುರೆ, ಅದೇ 1973, ಪ್ರೀಕ್ನೆಸ್ ಅನ್ನುವ ಓಟ. ಮೈದಾನದ ವಿದ್ಯುತ್ ಗಡಿಯಾರ 1 ನಿಮಿಷ 55 ಸೆಕೆಂಡು ತೋರಿಸಿತು. ಸ್ಟಾಪ್‌ವಾಚ್ ಹಿಡಿದು ಕೂತಿದ್ದ ಪತ್ರಿಕೆಯವರು, ಇಲ್ಲ, ದಾಖಲೆ ಮುರಿದಿದೆ ಅಂದರು. ಆಗ ಸ್ವಲ್ಪ ತಿದ್ದಿ ಸುಮ್ಮನಾದರು. ಕೊನೆಗೆ 2012ರಲ್ಲಿ ಹಳೆಯ ವಿಡಿಯೊ ತೂಗಿ ನೋಡಿ, ಅಧಿಕೃತವಾಗಿ 1 ನಿಮಿಷ 53 ಸೆಕೆಂಡು ಅಂತ ಬರೆದರು. ಕುದುರೆ ಸತ್ತು ಇಪ್ಪತ್ತೆರಡು ವರ್ಷ ದಾಟಿತ್ತು.

“ಮೂವತ್ತೊಂಬತ್ತು ವರ್ಷ!” ಕಾಕಾ ಉಗುಳಿ ಬಂದರು. “ನಮ್ಮ ಹೊಲದ ಸರ್ವೆ ಕೇಸೂ ಅಷ್ಟ ವರ್ಷ ಆತು.”

ಹುಡುಗ ಬೆಂಗಳೂರಿಗೆ ಹೋದ. ಹೋಗುವ ಮುಂಚೆ ಕಾಕಾನ ಡೈರಿಯ ಪುಟಗಳನ್ನು ಒಂದೊಂದಾಗಿ ಫೋಟೊ ತೆಗೆದುಕೊಂಡ, ಕಂಪ್ಯೂಟರಿಗೆ ಹಾಕುತ್ತಾನಂತೆ. ಕಾಕಾ ಬೇಡವೆನ್ನಲಿಲ್ಲ. ಆದರೆ ಆಮೇಲೆ ನನ್ನ ಹತ್ತಿರ ಅಂದರು: “ಒಂದು ಪುಟ ತೋರಿಸಿಲ್ಲ ಬಿಡ್ರಿ.” ಯಾವುದದು? ಹೇಳಲಿಲ್ಲ.

ಈಗ ಮತ್ತೆ ಜಾತ್ರೆಗಳ ಹಂಗಾಮು ಬಂದಿದೆ. ನಿನ್ನೆ ಸಂಜೆ ನಾನೇ ಮೊದಲು ಬೇಲಿಗೆ ಹೋದೆ. “ಕಾಕಾ, ಈ ಸಲ ಒಂದು ಕಿಲೊ ವಾಪಸ್ ಗೆಲ್ಲಬೇಕು.”

“ಆಗಲಿ. ಆದರ ಹೋದ ಸಲ ಗೆದ್ದಾವ ನಾ ಅಲ್ಲೇನ್ರಿ? ಬೆಂಗಳೂರ ಕಾಯ್ದೆ ಪ್ರಕಾರ ಸೀಸ ನನ್ನ ಮ್ಯಾಲ ಬರಬೇಕು.” ಲೆಕ್ಕ ಹಾಕುವವರಂತೆ ಆಕಾಶ ನೋಡಿದರು. “ನೀವು ಗೆದ್ದರ ನಾ ಒಂದು ಕಿಲೊ ಕೊಡತೀನಿ. ನಾ ಗೆದ್ದರ ನೀವು ಅರ್ಧ ಕಿಲೊ ಕೊಡ್ರಿ ಸಾಕು.”

ಉದಾರ ಮನಸ್ಸು ಅಂದುಕೊಂಡು ಕೈ ಕೊಟ್ಟೆ. ಅಷ್ಟರಲ್ಲಿ ಆಚೆಯ ಪಡಸಾಲೆಯಿಂದ ಕಾಕಾನ ಹೆಂಡತಿ ಕಾಕು ಗದರಿದರು: “ಅರ್ಧ ಕಿಲೊನೂ ಇಲ್ಲ, ಪಾವ ಕಿಲೊನೂ ಇಲ್ಲ! ಡಾಕ್ಟರ್ ಸಕ್ಕರಿ ಮುಟ್ಟಬ್ಯಾಡ ಅಂದು ಎಷ್ಟ ದಿನ ಆತು? ಮಾಸ್ತರ, ಈ ಸಲ ಸೋತರ ಒಣ ಖೋಬರಿ ಕೊಡ್ರಿ.”

ಕಾಕಾ ಡೈರಿ ತೆರೆದು, ಹೊಸ ಪುಟದ ಮೇಲೆ ಪೆನ್ಸಿಲಿನಲ್ಲಿ ಏನೋ ಗೀಚಿ, ತಟ್ಟನೆ ಮುಚ್ಚಿದರು.